ಬಸುರಿಯ ಮಾತಿಗೆ ಕಿವಿಗೊಡುವ ವಿದ್ಯೆ

ಮನೆಯಲ್ಲಿ ಸೊಸೆ ಬಸುರಿಯಾದಳೆಂದರೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಅದನ್ನು ತಿನ್ನು, ಇದನ್ನು ಮುಟ್ಟಬೇಡ ಎಂದು ಅತ್ತೆಯಿಂದ ಹಿಡಿದು ನೆರೆಮನೆಯಾಕೆಯವರೆಗೆ ಎಲ್ಲರೂ ಹೇಳುವರು. ಆಕೆಯ ಮನಸ್ಸಿನ ಅಂಜಿಕೆ ಏನೆಂದು ಕೇಳುವವರು ಮಾತ್ರ ಅಪರೂಪ. ವೈದ್ಯಲೋಕವೂ ಈ ಕೇಳುವ ವಿದ್ಯೆಯನ್ನು ತಡವಾಗಿಯೇ ಕಲಿಯಿತು.

ಭಾರತದ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಸಹಾಯ ದೊರೆಯಲೆಂದು 1885ರಲ್ಲಿ ವೈಸರಾಯ್ ಡಫರಿನ್ನರ ಪತ್ನಿ ಒಂದು ನಿಧಿಯನ್ನು ಸ್ಥಾಪಿಸಿದರು. 1903ರಲ್ಲಿ ಕರ್ಜನ್ನರ ಪತ್ನಿಯ ಪ್ರಯತ್ನದಿಂದ ಇನ್ನೊಂದು ನಿಧಿ ಹುಟ್ಟಿ, ಸೂಲಗಿತ್ತಿಯರಿಗೆ ಶುಚಿತ್ವದ ಪಾಠ ಹೇಳತೊಡಗಿತು. ಪಾಠವೇನೋ ಒಳ್ಳೆಯದೇ. ಆದರೆ ಸೂಲಗಿತ್ತಿಯನ್ನು ಅಜ್ಞಾನಿಯೆಂದು ಹಳಿಯುವ ಧೋರಣೆ ಅಂದಿನ ಬರಹಗಳಲ್ಲಿ ಎದ್ದು ಕಾಣುತ್ತದೆ. ಮನೆಯವರು ಆಕೆಯನ್ನು ಏಕೆ ನಂಬುತ್ತಾರೆಂದು ವಿಚಾರಿಸಿದವರು ವಿರಳ.

ನಂಬಿಕೆಗೆ ಕಾರಣವಿತ್ತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಓದುಬರಹ ಕಲಿತವರಲ್ಲ. ಹಣಕ್ಕೆ ಕೈಚಾಚದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಊರಿನ ನುಡಿಯಲ್ಲೇ ಮಾತನಾಡಿ ಪಕ್ಕದಲ್ಲಿ ಕೂರುವವರಿಂದ ಆಸ್ಪತ್ರೆಯೂ ಕಲಿಯಬೇಕಾದದ್ದಿತ್ತು.

1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಹಿಂದಿರುವ ಮೂರು ವಿಳಂಬಗಳನ್ನು ಎತ್ತಿ ತೋರಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ, ಅಲ್ಲಿಗೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ. ಎರಡನೆಯದಕ್ಕೆ ಗಾಡಿ ಬೇಕು, ಮೂರನೆಯದಕ್ಕೆ ವೈದ್ಯರು ಬೇಕು. ಮೊದಲನೆಯದು ಮನೆಯ ಪಡಸಾಲೆಯಲ್ಲೇ ಆಗುವಂಥದು. ಅದಕ್ಕೆ ಬೇಕಾದದ್ದು ಮಾತು.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರು ಬಂದರು. ಊರಿನವರೇ ಆದ ಹೆಂಗಸರು ಬಸುರಿಯ ಮನೆಗೇ ಹೋಗುವ ಏರ್ಪಾಡಾಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಾಯಿ ಮತ್ತು ನವಜಾತ ಶಿಶುವಿನ ಆರೈಕೆಗಾಗಿ ಸಮಾಲೋಚನೆಯ ಕೈಪಿಡಿಯೊಂದನ್ನು ಪ್ರಕಟಿಸಿತು. ಸಮಾಲೋಚನೆಯೆಂದರೆ ಅಪ್ಪಣೆಯಲ್ಲ, ಇಬ್ಬರೂ ಕೂಡಿ ದಾರಿ ಹುಡುಕುವುದು ಎಂಬುದೇ ಅದರ ತಿರುಳು.

ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. "ದಿನಾ ನುಂಗು" ಎಂದು ಹೇಳಿ ಹೋದರೆ ಮಾತ್ರೆ ಗೂಡಿನಲ್ಲೇ ಉಳಿದೀತು. "ಯಾಕವ್ವಾ, ಒಗ್ಗಲಿಲ್ಲವೇ?" ಎಂದು ಕೇಳಿದರೆ, "ಮಲ ಕಪ್ಪಗೆ ಹೋಗುತ್ತೆ ಅಕ್ಕಾ, ಮಗುವಿಗೇನಾದರೂ ಆದರೆ?" ಎಂಬ ಭಯ ಹೊರಬೀಳುತ್ತದೆ. ಅದು ಮಾತ್ರೆಯ ಸಹಜ ಗುಣ, ಮಗುವಿಗೆ ಕೆಡುಕಿಲ್ಲ, ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ ಎಂದು ಆಗ ತಿಳಿಸಬಹುದು.

ಕರ್ನಾಟಕದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಇದಕ್ಕೆ ಕಾರಣ ಹಲವು. ಉಳಿದ ಸಾವುಗಳನ್ನು ತಡೆಯಬೇಕಾದರೆ ಆಸ್ಪತ್ರೆ, ಗಾಡಿಗಳ ಜತೆಗೆ ಮನೆಯವರ ಕಿವಿಯೂ ತೆರೆದಿರಬೇಕು. ರೇಡಿಯೋದ ಮುಂದೆ ಅರ್ಧ ಗಂಟೆ ಕೂರುವ ನಾವು, ಮನೆಯ ಬಸುರಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಲಾರೆವೇ?