ಹಾಜರಿ ಪಟ್ಟಿಯಿಂದ ಗಡಿಯಾಚೆಗೆ: ದೇವಣಿ ಸೀಮೆಯ ಒಂದು ಹಳೆಯ ವಲಸೆ

ಪೊಲೀಸ್ ಪಟ್ಟಿಯಲ್ಲಿ ಹೆಸರು ಬಿದ್ದವನು ಆ ಪಟ್ಟಿಯ ಕೈಗೆ ಸಿಗದ ಸೀಮೆಗೆ ಹೋಗಿ ನೆಲೆಸುವ ಪದ್ಧತಿ ದಖ್ಖನ್ನಿನ ಗಡಿನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇತ್ತು. ಹೀಗೆ ಹೋದವರಲ್ಲಿ ಹುಡುಗರೂ ಎಳೆಯ ವಯಸ್ಸಿನವರೂ ಇದ್ದರು. ಕೆಲವರು ಚಿಕ್ಕಂದಿನಲ್ಲಿ ಒಂದು ತಪ್ಪು ಮಾಡಿ ಸಿಕ್ಕಿಬಿದ್ದವರು. ಇನ್ನು ಕೆಲವರ ಹೆಸರು ಯಾವ ತಪ್ಪೂ ಇಲ್ಲದೆ, ಹುಟ್ಟಿದ ಜಾತಿಯ ಕಾರಣಕ್ಕೇ ಪಟ್ಟಿ ಸೇರಿತ್ತು. ದೇವಣಿ, ಉದಗೀರ, ನಿಲಂಗಾ, ಉಮರ್ಗಾಗಳ ಸೀಮೆ ಈ ಓಡಾಟದ ದಾರಿಯಲ್ಲಿತ್ತು.

ಇಂದು ದೇವಣಿ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಒಂದು ತಾಲೂಕು ಕೇಂದ್ರ. ದೇವಣಿ ತಳಿಯ ದನಗಳಿಂದ ಅದರ ಹೆಸರು ದೂರದವರೆಗೂ ಗೊತ್ತು. ಪೂರ್ವಕ್ಕೂ ದಕ್ಷಿಣಕ್ಕೂ ಸ್ವಲ್ಪ ದೂರ ಹೋದರೆ ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹಳ್ಳಿಗಳು ಸಿಗುತ್ತವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಳೆಯ ಕಂದಾಯ ಕಾಗದದಲ್ಲಿ ಉರ್ದು ಎಂಬುದು ಈ ಭಾಗದ ರೂಢಿ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಉಮರ್ಗಾದಿಂದ ಪಶ್ಚಿಮಕ್ಕೆ ನಳದುರ್ಗ ದಾಟಿದರೆ ನಿಜಾಂ ಸೀಮೆ ಮುಗಿದು ಬ್ರಿಟಿಷ್ ಮುಂಬಯಿ ಪ್ರಾಂತದ ಸೊಲ್ಲಾಪುರ ಬರುತ್ತಿತ್ತು. ನೈಋತ್ಯಕ್ಕೆ ಅಕ್ಕಲಕೋಟೆಯ ರಾಜರ ಪುಟ್ಟ ಸಂಸ್ಥಾನ, ಅದರಾಚೆ ಮತ್ತೆ ಬ್ರಿಟಿಷರ ವಿಜಾಪುರ. ನಿಜಾಂ ರಾಜ್ಯದೊಳಗೂ ಆಡಳಿತ ಒಂದೇ ಕೈಯಲ್ಲಿರಲಿಲ್ಲ. ಸರ್ಕಾರಿ ಹಳ್ಳಿಗಳ ನಡುನಡುವೆ ಶ್ರೀಮಂತ ಮನೆತನಗಳ ಕೈಯಲ್ಲಿದ್ದ ಜಾಗೀರು, ಪಾಯಗಾಗಳ ಹಳ್ಳಿಗಳು ಹರಡಿದ್ದವು.

ಈ ಗಡಿರೇಖೆಗಳೂ ಒಂದೇ ಕಡೆ ನಿಂತಿರಲಿಲ್ಲ. 1853ರ ಒಪ್ಪಂದದಲ್ಲಿ ನಳದುರ್ಗದ ಸೀಮೆ ಬ್ರಿಟಿಷರ ಕೈಸೇರಿತು. ಮೆಡೋಸ್ ಟೇಲರ್ ಅಲ್ಲಿ ಕೆಲವು ವರ್ಷ ಆಡಳಿತ ನಡೆಸಿದ. 1839ರಲ್ಲಿ ಠಕ್ಕರೆಂಬ ದಾರಿಗಳ್ಳರ ಮೇಲೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಅಧಿಕಾರಿ ಈತನೇ. 1860ರಲ್ಲಿ ಆ ಸೀಮೆ ನಿಜಾಮರಿಗೆ ಮರಳಿತು. ಏಳೇ ವರ್ಷಗಳಲ್ಲಿ ಒಂದೇ ಹಳ್ಳಿ ಎರಡು ಸರ್ಕಾರಗಳನ್ನು ಕಂಡಿತು. ಠಕ್ಕರ ವಿರುದ್ಧ 1830ರ ದಶಕದಲ್ಲಿ ನಡೆದ ಕಾರ್ಯಾಚರಣೆ ಇನ್ನೊಂದನ್ನೂ ಬಿಟ್ಟುಹೋಯಿತು: ಕೆಲವು ಜಾತಿಗಳಿಗೆ ಅಪರಾಧವೇ ಕುಲಕಸುಬು ಎಂಬ ನಂಬಿಕೆ. ಮುಂದಿನ ಕಾನೂನುಗಳೆಲ್ಲ ಈ ನಂಬಿಕೆಯನ್ನೇ ತಳಹದಿಯಾಗಿ ಮಾಡಿಕೊಂಡವು.

1871ರ ಅಪರಾಧಿ ಬುಡಕಟ್ಟುಗಳ ಕಾನೂನು ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂತು. 1911ರ ಕಾನೂನು ಅದನ್ನು ಮುಂಬಯಿ, ಮದ್ರಾಸ್ ಸೇರಿ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಿತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿದ ಕಾನೂನು ಬಂತು. ಸರ್ಕಾರ ಒಂದು ಜಾತಿಯನ್ನು ಅಪರಾಧಿ ಬುಡಕಟ್ಟೆಂದು ಗೆಜೆಟ್ಟಿನಲ್ಲಿ ಸಾರಿದ ಮೇಲೆ ಆ ಜಾತಿಯವರ ಹೆಸರನ್ನು ಪಟ್ಟಿಗೆ ಏರಿಸಬಹುದಿತ್ತು. ಅದಕ್ಕೆ ಅಪರಾಧ ಸಾಬೀತಾಗಬೇಕೆಂಬ ನಿಯಮವಿರಲಿಲ್ಲ, ಹುಟ್ಟೇ ಸಾಕಾಗಿತ್ತು. ಪಟ್ಟಿಗೆ ಬಿದ್ದವರು ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು, ವಾಸದ ಜಾಗವನ್ನು ತಿಳಿಸಬೇಕು, ಊರು ಬಿಡುವ ಮೊದಲು ಹೇಳಬೇಕು, ಕೇಳಿದಾಗ ಬೆರಳಚ್ಚು ಕೊಡಬೇಕು. ಕಾನೂನಿನ ಅನುಬಂಧದಲ್ಲಿ ಹೆಸರಿಸಿದ ಅಪರಾಧಗಳಿಗೆ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಕರಿನೀರು.

ಈ ವ್ಯವಸ್ಥೆಯ ಕೀಲಿ ರಹದಾರಿ ಚೀಟಿಯಲ್ಲಿತ್ತು. ಪಟ್ಟಿಯಲ್ಲಿರುವವನು ತನಗೆ ಗೊತ್ತುಮಾಡಿದ ಎಲ್ಲೆ ದಾಟಬೇಕಾದರೆ ಚೀಟಿ ಬೇಕು. ಎಲ್ಲಿಗೆ ಹೋಗಬಹುದು, ಎಷ್ಟು ದಿನ ಇರಬಹುದು, ದಾರಿಯಲ್ಲಿ ಯಾರೆದುರು ಹಾಜರಾಗಬೇಕು ಎಂಬುದೆಲ್ಲ ಆ ಕಾಗದದ ತುಂಡಿನ ಮೇಲಿರುತ್ತಿತ್ತು. ಅಕ್ಕನ ಊರಿಗೆ ಮದುವೆಗೆ ಹೊರಟ ಯುವಕ ಚೀಟಿಯಲ್ಲಿ ಬರೆದವರ ಮುಂದೆ ನಿಂತು ಮುಖ ತೋರಿಸಿಯೇ ಮುಂದಕ್ಕೆ ಹೋಗಬೇಕಿತ್ತು. ಹಳ್ಳಿಯ ಮುಖಂಡ, ಕಾವಲುಗಾರ, ಜಮೀನುದಾರರಿಗೂ ಕಾನೂನು ಕೆಲಸ ಹಚ್ಚಿತ್ತು. ಪಟ್ಟಿಯವನು ಹಾಜರಿ ತಪ್ಪಿಸಿದರೆ, ಊರು ಬಿಟ್ಟರೆ ಅವರು ಠಾಣೆಗೆ ತಿಳಿಸಬೇಕು. ಅಂಥ ಜಾತಿಯವನೆಂದು ಸಂಶಯ ಬರುವ ಹೊಸಬ ಊರಿಗೆ ಬಂದರೂ ತಿಳಿಸಬೇಕು. ಹೀಗೆ ಊರಿಗೆ ಊರೇ ಪಹರೆ ಕಾಯುವಂತಾಯಿತು.

ಈ ಕಾನೂನು ಹೆಚ್ಚು ಕಠಿಣವಾದದ್ದು ಮಕ್ಕಳ ವಿಷಯದಲ್ಲಿ. 1897ರ ತಿದ್ದುಪಡಿ ನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಸುಧಾರಣಾ ವಸಾಹತಿನಲ್ಲಿಡಲು ಅಧಿಕಾರ ಕೊಟ್ಟಿತು. 1911ರ ಹಾಗೂ 1924ರ ಕಾನೂನುಗಳು ಈ ವಯಸ್ಸನ್ನು ಆರರಿಂದ ಹದಿನೆಂಟು ಎಂದು ನಿಗದಿ ಮಾಡಿದವು. ಅವರನ್ನಿಟ್ಟ ಸುಧಾರಣಾ ಶಾಲೆಯ ಮೇಲಧಿಕಾರಿಯೇ ಕಾನೂನಿನ ಕಣ್ಣಿಗೆ ಆ ಮಕ್ಕಳ ಪೋಷಕ. ಅವರನ್ನು ಕೆಲಸ ಕಲಿಯಲು ಯಾರ ಬಳಿ ಬಿಡಬೇಕೆಂಬುದೂ ಅವನ ಕೈಯಲ್ಲಿ. ಹೆತ್ತವರ ಒಪ್ಪಿಗೆಯನ್ನು ಕಾನೂನು ಕೇಳಲಿಲ್ಲ.

ಅದೇ 1924ರಲ್ಲಿ ಮುಂಬಯಿ ಪ್ರಾಂತ ಮಕ್ಕಳ ಕಾಯಿದೆಯನ್ನೂ ತಂದಿತು. ತಪ್ಪು ಮಾಡಿದ ಮಗುವನ್ನು ದೊಡ್ಡವರ ಜೈಲಿಗೆ ಹಾಕಬಾರದು, ತಿದ್ದಬೇಕು ಎಂಬುದು ಅದರ ಆಶಯ. 1929ರ ಬೋರ್ಸ್ಟಲ್ ಶಾಲೆಗಳ ಕಾಯಿದೆಯೂ ಅದೇ ದಾರಿಯದು. ಆ ಕಾಯಿದೆಯಡಿ ಹದಿಹರೆಯದವರನ್ನು ಇಡುವ ಬೋರ್ಸ್ಟಲ್ ಶಾಲೆ ಧಾರವಾಡದಲ್ಲಿತ್ತು. ಹೀಗೆ ಒಂದೇ ಪ್ರಾಂತದಲ್ಲಿ, ಒಂದೇ ವಯಸ್ಸಿನ ಇಬ್ಬರು ಹುಡುಗರಿಗೆ ಎರಡು ಬೇರೆ ನ್ಯಾಯಗಳಿದ್ದವು. ಸಂತೆಯಲ್ಲಿ ಜೇಬಿಗೆ ಕೈಹಾಕಿದ ಸಾಮಾನ್ಯ ಮನೆಯ ಹುಡುಗನಿಗೆ ತಿದ್ದಿಕೊಳ್ಳಲು ಅವಕಾಶವಿತ್ತು. ಅದನ್ನೇ ಮಾಡಿದ ಪಟ್ಟಿ ಜಾತಿಯ ಹುಡುಗನ ಹೆಸರು ಮುಂದೆ ಸುಲಭವಾಗಿ ಅಳಿಯುತ್ತಿರಲಿಲ್ಲ. ಕೈಹಾಕದೆ ಸುಮ್ಮನೆ ನಿಂತಿದ್ದವನೂ ಅನುಮಾನಾಸ್ಪದವಾಗಿ ಕಂಡರೆ ಮೂರು ವರ್ಷ ಸೆರೆ ಅನುಭವಿಸಬೇಕಾಗಬಹುದಿತ್ತು.

ಈ ಭಾಗದಲ್ಲಿ ಕಾನೂನಿನ ಕಣ್ಣಿಗೆ ಬಿದ್ದವರು ಹಲವರು. ಕನ್ನಡದಲ್ಲಿ ಕೊರಮ, ಕೊರಚ ಎನ್ನುವವರಿಗೆ ಮರಾಠಿಯಲ್ಲಿ ಕೈಕಾಡಿ ಎನ್ನುತ್ತಾರೆ. ಬುಟ್ಟಿ ಹೆಣೆಯುವುದು, ಕತ್ತೆಯ ಮೇಲೆ ಉಪ್ಪು, ಕಾಳು ಹೇರಿಕೊಂಡು ಮಾರುವುದು ಅವರ ಕಸುಬು. ಲಂಬಾಣಿಗಳು ಎತ್ತಿನ ಹಿಂಡುಗಳ ಮೇಲೆ ಸರಕು ಸಾಗಿಸುತ್ತಿದ್ದರು. ಪಾರಧಿಗಳು ಬೇಟೆಯಿಂದ ಬದುಕುತ್ತಿದ್ದರು. ಟಕಾರಿ, ಭಾಮ್ಟಾ, ಪಾಥರೂಟ, ಗಂಟಿಚೋರ ಎಂದು ಕಡೆಗೊಂದು ಹೆಸರಿನಿಂದ ಕರೆಸಿಕೊಂಡ ಉಚಲ್ಯಾ ಸಮುದಾಯವೂ ಇಲ್ಲಿತ್ತು. ರೈಲು ಬಂದ ಮೇಲೆ ಎತ್ತು, ಕತ್ತೆಗಳ ಸಾಗಾಟ ಮೂಲೆಗೆ ಬಿತ್ತು. ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಮುಟ್ಟಿತು. ಬಾರ್ಶಿಯ ಸಣ್ಣ ರೈಲು 1911ರಲ್ಲಿ ಲಾತೂರಿಗೆ ಬಂತು. ಕಸುಬು ಕಳೆದುಕೊಂಡು ಅಲೆಯುತ್ತಿದ್ದವರ ಅಲೆದಾಟವನ್ನೇ ಕಾನೂನು ಅಪರಾಧದ ಗುರುತಾಗಿ ಓದಿತು.

ಮುಂಬಯಿ ಪ್ರಾಂತದಲ್ಲಿ ಹಾಜರಿಯ ಜೊತೆಗೆ ಸೆಟ್ಲ್‌ಮೆಂಟುಗಳೆಂಬ ಕಾವಲಿನ ವಸಾಹತುಗಳೂ ಬಂದವು. ಐಸಿಎಸ್ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್ 1909-10ರ ಸುಮಾರಿಗೆ ವಿಜಾಪುರದಲ್ಲಿ ಈ ಕೆಲಸ ಆರಂಭಿಸಿದ. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ವಸಾಹತುಗಳು ಎದ್ದವು. ಅವುಗಳ ಜನಕ್ಕೆ ಗಿರಣಿಗಳಲ್ಲಿ ಕೆಲಸ. ಸೊಲ್ಲಾಪುರದ ಉಮೇದಪುರ ವಸಾಹತನ್ನು ಅಮೆರಿಕನ್ ಮರಾಠಿ ಮಿಷನ್ ನಡೆಸಿತು. ಮುಳ್ಳುತಂತಿಯ ಬೇಲಿ, ಹಾಜರಿ ಕೂಗು, ಗಿರಣಿಯ ಭೋಂಗಾ, ಈ ಮೂರರ ನಡುವೆ ದಿನ ಸಾಗುತ್ತಿತ್ತು. ಶಾಲೆ, ದವಾಖಾನೆ, ತಪ್ಪದ ಕೂಲಿ ಅಲ್ಲಿ ಇದ್ದದ್ದು ನಿಜ. ಬಾಗಿಲು ದಾಟಲು ಪರವಾನಗಿ ಬೇಕಾಗಿದ್ದದ್ದೂ ಅಷ್ಟೇ ನಿಜ. ಸೊಲ್ಲಾಪುರ, ಹುಬ್ಬಳ್ಳಿಗಳ ಕೆಲವು ಬಡಾವಣೆಗಳಿಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. 1928ರಲ್ಲಿ ನೇಮಕವಾದ ಶೋಷಿತ ವರ್ಗಗಳ ಹಾಗೂ ಆದಿವಾಸಿ ಬುಡಕಟ್ಟುಗಳ ಸಮಿತಿಗೆ ಸ್ಟಾರ್ಟನೇ ಅಧ್ಯಕ್ಷ. ಡಾ. ಅಂಬೇಡ್ಕರ್ ಅದರ ಸದಸ್ಯರಲ್ಲೊಬ್ಬರು.

ಇಂಥ ಪಟ್ಟಿಯಿಂದ ತಪ್ಪಿಸಿಕೊಳ್ಳಲು ಗಡಿ ಹತ್ತಿರದ ದಾರಿಯಾಯಿತು. ಬ್ರಿಟಿಷ್ ಭಾರತದ ಕಾನೂನು ನಿಜಾಂ ರಾಜ್ಯದಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಸೊಲ್ಲಾಪುರದ ಠಾಣೆಯ ಪುಸ್ತಕ ಉಮರ್ಗಾದ ಠಾಣೆಯ ಪುಸ್ತಕವಲ್ಲ. ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾಗಳ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಒಂದು ರಾತ್ರಿ ನಡೆದರೆ ಸರ್ಕಾರವೇ ಬದಲಾಗುತ್ತಿತ್ತು. ಅಲ್ಲಿಂದ ನಿಲಂಗಾ, ದೇವಣಿ, ಉದಗೀರಗಳ ಕಡೆ ಒಳಹೊಕ್ಕರೆ ಕನ್ನಡ, ಮರಾಠಿ, ತೆಲುಗು ಮೂರನ್ನೂ ಆಡಬಲ್ಲ ಕೈಕಾಡಿ ಯುವಕ ಯಾವ ಸಂತೆಯಲ್ಲೂ ಪರಕೀಯನಾಗಿ ಕಾಣುತ್ತಿರಲಿಲ್ಲ. ಒಂದು ಕಡೆ ಕೈಕಾಡಿ, ಇನ್ನೊಂದು ಕಡೆ ಕೊರಮ ಎಂದು ಜಾತಿಯ ಹೆಸರೂ ಭಾಷೆಯೊಡನೆ ಬದಲಾಗುತ್ತಿತ್ತು. ಬಂಧುಗಳು ಗಡಿಯ ಎರಡೂ ಬದಿಗೆ ಇದ್ದುದರಿಂದ ಬಂದವನಿಗೆ ಇಳಿದುಕೊಳ್ಳಲು ಒಂದು ಗುಡಿಸಲು ಸಿಗುತ್ತಿತ್ತು.

ಆದರೆ ಹೀಗೆ ಸಿಕ್ಕ ಬಿಡುಗಡೆ ಗಟ್ಟಿಯದಲ್ಲ. ನಿಜಾಮರ ದಿವಾನರಾದ ಮೊದಲ ಸಾಲಾರ್ ಜಂಗರು 1865ರಲ್ಲಿ ತಂದ ಜಿಲಾಬಂದಿಯ, ಅಂದರೆ ಜಿಲ್ಲೆಗಳ ಏರ್ಪಾಡಿನ, ಬಳಿಕ ನಿಜಾಂ ರಾಜ್ಯದಲ್ಲೂ ಜಿಲ್ಲಾ ಪೊಲೀಸು ನೆಲೆಗೊಂಡಿತು. ಅಪರಾಧಿ ಬುಡಕಟ್ಟುಗಳ ಮೇಲೆ ಅಲ್ಲೂ ಕಣ್ಣಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಆರಂಭವಾದ ನಂತರ ಹೆಸರು ಬದಲಿಸಿದರೂ ಗುರುತು ಬದಲಾಗದ ಕಾಲ ಬಂತು. 1920ರ ದಶಕದ ಕಾನೂನು ಇನ್ನೊಂದು ದಾರಿ ತೆರೆಯಿತು. ಸಂಸ್ಥಾನದ ಅರಸರು ಒಪ್ಪಿ, ಅಲ್ಲಿ ತಕ್ಕ ಕಟ್ಟುಪಾಡುಗಳಿದ್ದರೆ, ಪ್ರಾಂತ ಸರ್ಕಾರವೇ ಇಡೀ ಗುಂಪನ್ನು ಆ ಸಂಸ್ಥಾನಕ್ಕೆ ಸಾಗಹಾಕಬಹುದಿತ್ತು. ಜನ ತಪ್ಪಿಸಿಕೊಳ್ಳಲು ದಾಟುತ್ತಿದ್ದ ಗಡಿಯನ್ನು ಸರ್ಕಾರ ಅವರನ್ನು ದೂಡಲು ಬಳಸಿಕೊಳ್ಳುವಂತಾಯಿತು. ಓಡಿಹೋದವನಿಗೆ ಮನೆ ಕಟ್ಟುವ ಧೈರ್ಯವಿಲ್ಲ, ಜಮೀನಿಗೆ ಹೆಸರು ಹಚ್ಚುವಂತಿಲ್ಲ, ಮಕ್ಕಳನ್ನು ಶಾಲೆಗೆ ಸೇರಿಸಿದರೆ ತಂದೆಯ ಹೆಸರು, ಮೂಲ ಊರು ಹೇಳಬೇಕಾಗುತ್ತದೆ. ಅವನ ಭಯ ಮುಂದಿನ ತಲೆಮಾರಿಗೂ ದಾಟಿತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಂ ಆಳ್ವಿಕೆ ಮುಗಿಯಿತು. ಮುಂಬಯಿ 1949ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನನ್ನು ತೆಗೆದುಹಾಕಿತು. ಆ ಕಾನೂನನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಬಳಿಕ 1952ರ ಆಗಸ್ಟ್ 31ರಂದು ಅದು ದೇಶದಿಂದಲೇ ರದ್ದಾಯಿತು. ಪಟ್ಟಿಯಿಂದ ಬಿಡುಗಡೆಗೊಂಡು ವಿಮುಕ್ತ ಎನಿಸಿಕೊಂಡ ಜಾತಿಗಳು ಆ ದಿನವನ್ನು ಇಂದಿಗೂ ವಿಮುಕ್ತ ದಿನವಾಗಿ ಆಚರಿಸುತ್ತವೆ. ಆದರೆ ಅದರ ಹಿಂದೆಮುಂದೆಯೇ ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆ ತಂದವು. ಪಟ್ಟಿ, ಹಾಜರಿಗಳು ಅವುಗಳಲ್ಲಿ ಹೊಸ ವೇಷದಲ್ಲಿ ಉಳಿದವು. ಜೈಲು ಕೈಪಿಡಿಗಳಲ್ಲಿ ವಿಮುಕ್ತ ಜಾತಿಗಳನ್ನು ಹುಟ್ಟು ಅಪರಾಧಿಗಳಂತೆ ಕಾಣುತ್ತಿದ್ದ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.

1956ರ ನವೆಂಬರ್ 1ರಂದು ಭಾಷೆಯ ಗೆರೆ ಎಳೆದಾಗ ಬೀದರ ಮೈಸೂರು ರಾಜ್ಯಕ್ಕೆ ಬಂತು, ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಹೊಸ ಗಡಿ ಹಳೆಯ ಪಟ್ಟಿಯ ಮಕ್ಕಳನ್ನು ಮತ್ತೆ ಬೇರೆ ಬೇರೆ ಮಾಡಿತು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕೊರಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಅವರದೇ ಬಳಗದ ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿಯಾದರೂ ಮರಾಠವಾಡದಲ್ಲಿ ಅಲ್ಲ. ಈ ಬದುಕಿನ ಒಳಗನ್ನು ಕನ್ನಡ, ಮರಾಠಿ ಓದುಗರಿಗೆ ತಂದವು ಲಕ್ಷ್ಮಣ ಮಾನೆಯವರ ‘ಉಪರಾ’ (1980) ಮತ್ತು ಲಾತೂರ ಸೀಮೆಯ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ (1987). ಎರಡಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಪಟ್ಟಿ ಮತ್ತು ಗಡಿಯ ಈ ನಂಟು ಈಗ ಬೇರೆ ನೆಲದಲ್ಲಿ, ಬೇರೆ ಅಪರಾಧದ ಸುತ್ತ ಮತ್ತೆ ಕಾಣಿಸಿಕೊಂಡಿದೆ. ಅಮೆರಿಕದಲ್ಲಿ ಲೈಂಗಿಕ ಅಪರಾಧಿಗಳ ನೋಂದಣಿಯನ್ನು 1947ರಲ್ಲಿ ಕ್ಯಾಲಿಫೋರ್ನಿಯಾ ಆರಂಭಿಸಿತು. 1994ರ ಕಾನೂನು ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. 2006ರ ಆಡಮ್ ವಾಲ್ಷ್ ಕಾನೂನು ಗಂಭೀರ ಪ್ರಕರಣಗಳಲ್ಲಿ ಹದಿನಾಲ್ಕು ವರ್ಷ ತುಂಬಿದವರನ್ನೂ ಪಟ್ಟಿಗೆ ತಂದಿತು. ನೋಂದಣಿಯ ಅವಧಿ ತಪ್ಪಿನ ದರ್ಜೆಗೆ ತಕ್ಕಂತೆ 15 ವರ್ಷ, 25 ವರ್ಷ ಅಥವಾ ಜೀವಮಾನ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾದ್ದರಿಂದ ಸಡಿಲ ಕಾನೂನಿನ ರಾಜ್ಯಕ್ಕೆ ಮನೆ ಬದಲಿಸುವ ಆಲೋಚನೆ ಅಲ್ಲೂ ಹುಟ್ಟುತ್ತದೆ. ಆದರೆ ರಾಜ್ಯದ ಗಡಿ ದಾಟಿ ಹೊಸ ಜಾಗದಲ್ಲಿ ಹೆಸರು ನೋಂದಾಯಿಸದಿದ್ದರೆ ಹತ್ತು ವರ್ಷದವರೆಗೆ ಸೆರೆ. ಬಾಲ್ಯದಲ್ಲೇ ಪಟ್ಟಿ ಸೇರಿದವರ ಶಾಲೆ, ಮನೆ, ಕೆಲಸಗಳು ಹೇಗೆ ಕೈತಪ್ಪುತ್ತವೆ ಎಂಬುದನ್ನು ಹ್ಯೂಮನ್ ರೈಟ್ಸ್ ವಾಚ್ 2013ರಲ್ಲಿ ದಾಖಲಿಸಿತು.

ಭಾರತದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರ ಸೆಪ್ಟೆಂಬರ್ 20ರಂದು ಜಾರಿಗೆ ಬಂತು. ಅದನ್ನು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು, ಸಾರ್ವಜನಿಕರಿಗೆ ತೆರೆದಿಲ್ಲ. ಎಳೆಯರಿಗೆ 2015ರ ಬಾಲನ್ಯಾಯ ಕಾಯಿದೆ ಬೇರೆ ದಾರಿ ಇಟ್ಟಿದೆ. ತಪ್ಪೆಸಗಿದ ಮಗುವಿಗೆ ಆ ತೀರ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶಪಡಿಸಬೇಕು, ಗುರುತನ್ನು ಪ್ರಕಟಿಸಬಾರದು ಎನ್ನುತ್ತದೆ ಅದು. ಹದಿನಾರು ದಾಟಿದವರ ಘೋರ ಅಪರಾಧಗಳಲ್ಲಿ ಮಾತ್ರ ಅನರ್ಹತೆ ಮತ್ತು ದಾಖಲೆಯ ನಿಯಮಗಳಿಗೆ ವಿನಾಯಿತಿ ಉಂಟು. ನೊಂದವರಿಗೆ ರಕ್ಷಣೆ ಬೇಕೇಬೇಕು, ಮಾಡಿದ ತಪ್ಪಿಗೆ ವಿಚಾರಣೆ ನಡೆಯಲೇಬೇಕು. ಈ ಕಾಯಿದೆ ವಿಚಾರಣೆಯನ್ನು ಉಳಿಸಿಕೊಂಡು, ಅದು ಮುಗಿದ ಮೇಲೆ ಪುಟವನ್ನು ಮುಚ್ಚುತ್ತದೆ.

1924ರ ಕಾನೂನಿನಲ್ಲಿ ಆ ಪುಟ ತಾನಾಗಿ ಮುಚ್ಚುತ್ತಿರಲಿಲ್ಲ. ಹೆಸರು ಅಳಿಸುವ ಬಾಗಿಲು ಕಾನೂನಿನೊಳಗೆ ಸುಲಭವಾಗಿ ತೆರೆಯದಿದ್ದಾಗಲೇ ಜನ ನಳದುರ್ಗದ ದಾರಿ ಹಿಡಿದರು.