ಭೀಮೆಯ ಹರಿಗೋಲು ಮತ್ತು ಸಂವೇಗದ ಲೆಕ್ಕ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ಭೀಮಾ ನದಿಯು ಅಫಜಲಪುರ ತಾಲ್ಲೂಕಿನ ಮೂಲಕ ಕಲಬುರಗಿ ಜಿಲ್ಲೆಗೆ ಬರುತ್ತದೆ. ಆಳಂದ ಸೀಮೆಯ ನೀರನ್ನು ಹೊತ್ತು ತರುವ ಅಮರ್ಜಾ ಹೊಳೆಯನ್ನು ಗಾಣಗಾಪುರದಲ್ಲಿ ಕೂಡಿಸಿಕೊಂಡು ಮುಂದೆ ಸಾಗಿ, ಜೇವರ್ಗಿಯನ್ನು ಕಲಬುರಗಿಯಿಂದ ಬೇರ್ಪಡಿಸುತ್ತದೆ. ಹದಿನೈದನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಗಳು ನೆಲೆಸಿದ ಮೇಲೆ ಗಾಣಗಾಪುರದ ಸಂಗಮವು ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರವಾಯಿತು. ಸೇತುವೆಗಳಿಲ್ಲದ ಆ ಶತಮಾನಗಳಲ್ಲಿ ಬೇಸಿಗೆಯಲ್ಲಿ ಹೊಳೆಯನ್ನು ಹಾಯ್ದು ದಾಟಬಹುದಾಗಿದ್ದರೂ, ಮಳೆಗಾಲದಲ್ಲಿ ಯಾತ್ರಿಕನೂ ಸಂತೆಗೆ ಹೊರಟ ರೈತನೂ ಸಮಾನವಾಗಿ ಅಂಬಿಗನನ್ನೇ ನೆಚ್ಚಬೇಕಾಗಿತ್ತು.

ಅಂಬಿಗನ ಸಾಧನ ಹರಿಗೋಲು, ಎಂದರೆ ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ, ಮುಂದು ಹಿಂದುಗಳಿಲ್ಲದ ಬುಟ್ಟಿದೋಣಿ. ಕೃಷ್ಣಾ, ತುಂಗಭದ್ರಾ, ಭೀಮಾ ನದಿಗಳ ಕಲ್ಲುಬಂಡೆಯ ಪಾತ್ರಗಳಲ್ಲಿ ಮರದ ದೋಣಿಗಿಂತ ಇದೇ ಹೆಚ್ಚು ಬಾಳಿಕೊಂಡು ಬಂದುದಕ್ಕೆ ಕಾರಣ ಸರಳವಾಗಿದೆ: ಅದು ಹಗುರ, ಅದರ ತಳ ಚಪ್ಪಟೆ, ಬಂಡೆಗೆ ತಾಗಿದರೆ ಒಡೆಯುವ ಬದಲು ಬಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಹದಿನೈದಿಪ್ಪತ್ತು ಜನರನ್ನು ಸಾಗಿಸುವ ಇಂಥ ಬುಟ್ಟಿದೋಣಿಗಳನ್ನು ಕಂಡು, ಅವು ನೇರವಾಗಿ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟನು. ಅಂಬಿಗರ ಕಸುಬು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರೇ ಸಾಕ್ಷಿ.

ಈ ಕಸುಬಿನ ಕಟ್ಟುಪಾಡುಗಳು ಮೂಲತಃ ಘರ್ಷಣೆಯ ಅಭಾವದಿಂದ ಹುಟ್ಟಿದವು. ಒಂದರ ಮೇಲೊಂದು ಉಜ್ಜುವ ಎರಡು ಮೇಲ್ಮೈಗಳ ನಡುವೆ ಚಲನೆಗೆ ಅಡ್ಡಬರುವ ಬಲವನ್ನು ಘರ್ಷಣೆ ಎನ್ನುತ್ತಾರೆ. ನೆಲದ ಮೇಲೆ ನಿಂತ ಎತ್ತಿನ ಗಾಡಿಯು ಒಂದು ಮಿತಿಯನ್ನು ಮೀರಿ ಎಳೆಯದ ಹೊರತು ಕದಲುವುದಿಲ್ಲ. ಆ ಮಿತಿಗಿಂತ ಕಡಿಮೆಯ ಬಲವನ್ನೆಲ್ಲ ಘರ್ಷಣೆಯೇ ನುಂಗಿಕೊಳ್ಳುತ್ತದೆ. ನೀರಿಗೆ ಇಂಥ ಮಿತಿಯಿಲ್ಲ. ದೋಣಿಯ ವೇಗ ಹೆಚ್ಚಿದಂತೆ ನೀರಿನ ತಡೆ ಹೆಚ್ಚುತ್ತದೆಯೇ ಹೊರತು, ದೋಣಿ ನಿಂತಿರುವಾಗ ಆ ತಡೆ ಸೊನ್ನೆಯಾಗಿರುತ್ತದೆ. ಆದ್ದರಿಂದ ಮಗುವೊಂದು ಒಂದು ಬೆರಳಿನಿಂದ ನೂಕಿದರೂ ತುಂಬಿದ ಹರಿಗೋಲು ನಿಧಾನವಾಗಿಯಾದರೂ ಜರುಗಲೇಬೇಕು. ದಡದ ಮೇಲಿನ ಅಭ್ಯಾಸಗಳು ಹರಿಗೋಲಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಇಳಿಯುವ ಗಳಿಗೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಳಗಿನ ಜನರೂ ಸರಕೂ ಸೇರಿ 180 ಕಿಲೋಗ್ರಾಂ ತೂಗುವ, ಹಗ್ಗ ಕಟ್ಟದೆ ದಡದ ಬಳಿ ನಿಂತ ಒಂದು ಹರಿಗೋಲಿನಿಂದ 60 ಕಿಲೋಗ್ರಾಂ ತೂಕದ ಇನ್ನೊಬ್ಬ ಪ್ರಯಾಣಿಕನು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ದಡದತ್ತ ಜಿಗಿಯುತ್ತಾನೆ ಎಂದಿಟ್ಟುಕೊಳ್ಳಬಹುದು. ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದಾಗ ದೊರೆಯುವ, ದಿಕ್ಕನ್ನೂ ಒಳಗೊಂಡ ಪರಿಮಾಣಕ್ಕೆ ಸಂವೇಗ ಎಂದು ಹೆಸರು. ಹೊರಗಿನ ಬಲ ಇಲ್ಲದಿದ್ದರೆ ಒಂದು ವ್ಯವಸ್ಥೆಯ ಒಟ್ಟು ಸಂವೇಗ ಬದಲಾಗುವುದಿಲ್ಲ. ಜಿಗಿತಕ್ಕೆ ಮೊದಲು ಎಲ್ಲವೂ ನಿಶ್ಚಲವಾಗಿದ್ದುದರಿಂದ ಮೊತ್ತ ಸೊನ್ನೆ. ಜಿಗಿದವನು ದಡದತ್ತ 90ರಷ್ಟು ಸಂವೇಗವನ್ನು ಒಯ್ದರೆ, ಹರಿಗೋಲು ಹೊಳೆಯತ್ತ ಅಷ್ಟನ್ನೇ ಪಡೆದು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಅವನ ಹಿಂದೆಯೇ ಕಾಲು ಚಾಚಿದ ಎರಡನೆಯವನು ನೀರಿಗೆ ಬೀಳುವುದು ಅವಸರದಿಂದ ಮಾತ್ರವಲ್ಲ, ಮೊದಲನೆಯವನು ದೋಣಿಗೆ ಕೊಟ್ಟುಹೋದ ಈ ವೇಗದಿಂದ.

ಮೊದಲು ಹಗ್ಗವನ್ನು ದಂಡೆಯ ಗೂಟಕ್ಕೆ ಬಿಗಿಯುವುದು, ಜನರನ್ನು ಒಬ್ಬೊಬ್ಬರಾಗಿ ಇಳಿಸುವುದು, ನಡುವೆ ಯಾರೂ ಎದ್ದು ಓಡಾಡದಂತೆ ಸುತ್ತಲೂ ಕೂರಿಸುವುದು, ಇವೆಲ್ಲ ಮೇಲಿನ ಲೆಕ್ಕಕ್ಕೆ ಅನುಭವ ಕಂಡುಕೊಂಡ ಉತ್ತರಗಳು. ಹಗ್ಗ ಬಿಗಿದೊಡನೆ ದೋಣಿಯು ಭೂಮಿಯೊಡನೆ ಒಂದಾಗುತ್ತದೆ. ಹಿಮ್ಮುಖ ಸಂವೇಗವನ್ನು ಆಗ ಭೂಮಿಯೇ ಹೊರುತ್ತದೆ, ಅದರ ದ್ರವ್ಯರಾಶಿ ಅಗಾಧವಾದ್ದರಿಂದ ವೇಗವೆಂಬುದು ಕಾಣಿಸುವುದೇ ಇಲ್ಲ. ಬಿದಿರಿನ ಗಳವನ್ನು ಹೊಳೆಯ ತಳಕ್ಕೆ ಊರಿ ನೂಕುವಾಗ ನಡೆಯುವುದೂ ಇದೇ. ಆಳದ ನೀರಿನಲ್ಲಿ ಗಳ ತಳ ಮುಟ್ಟದಿದ್ದರೆ ಹುಟ್ಟಿನಿಂದ ನೀರನ್ನೇ ಹಿಂದಕ್ಕೆ ತಳ್ಳಿ, ತಳ್ಳಿದಷ್ಟು ಸಂವೇಗವನ್ನು ಮುಂದಕ್ಕೆ ಪಡೆಯಬೇಕಾಗುತ್ತದೆ. ಪಾಯಸ್ ಕಂಡ ತಿರುಗಾಟವೂ ಇಲ್ಲಿಂದಲೇ ಹುಟ್ಟಿದ್ದು: ಒಂದು ಪಕ್ಕದಲ್ಲಿ ಹಾಕಿದ ಹುಟ್ಟು ದುಂಡನೆಯ ದೋಣಿಗೆ ಸುತ್ತುವ ಸಂವೇಗವನ್ನೂ ಕೊಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಅಡಿಗಂಬ ಬುಟ್ಟಿಗೆ ಇಲ್ಲ, ಆದುದರಿಂದ ನುರಿತ ಅಂಬಿಗನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕಿ ಒಂದು ಸುತ್ತನ್ನು ಇನ್ನೊಂದರಿಂದ ಕಳೆಯುತ್ತಾನೆ. ಆ ಪ್ರವಾಸಿ ದೋಣಿಯ ದೋಷವೆಂದು ತಿಳಿದದ್ದು ಬಹುಮಟ್ಟಿಗೆ ನಿಯಮದ ಫಲವೇ ಆಗಿತ್ತು.

ಕೈಗೆ ಒಗ್ಗಿದ ಈ ತಿಳಿವಳಿಕೆ ಶಾಸ್ತ್ರವಾಗಲು ಬಹುಕಾಲ ಹಿಡಿಯಿತು. ವೈಶೇಷಿಕ ದರ್ಶನದ ಪ್ರಶಸ್ತಪಾದನು, ಕ್ರಿಯೆಯಿಂದ ಹುಟ್ಟಿ ನಿಯತ ದಿಕ್ಕಿನಲ್ಲಿ ಚಲನೆಯನ್ನು ಮುಂದುವರಿಸುವ ‘ವೇಗ’ವೆಂಬ ಸಂಸ್ಕಾರವು ಸ್ಪರ್ಶವುಳ್ಳ ದ್ರವ್ಯಗಳ ಸಂಯೋಗದಿಂದ ನಾಶವಾಗುತ್ತದೆ ಎಂದಿದ್ದನು. ತಡೆ ಇರದಿದ್ದರೆ ಚಲನೆ ಉಳಿಯುತ್ತದೆ ಎಂಬ ಸುಳಿವು ಅಲ್ಲಿದೆ. ಆದರೆ ಆ ವೇಗವು ಒಂದು ವಸ್ತುವಿನ ಗುಣ ಮಾತ್ರ, ಎರಡು ವಸ್ತುಗಳ ನಡುವಿನ ಜಮಾ-ಖರ್ಚು ಅಲ್ಲ. ಯುರೋಪಿನಲ್ಲಿ ಡೆಕಾರ್ಟ್ 1644ರಲ್ಲಿ ಚಲನೆಯ ಒಟ್ಟು ಪ್ರಮಾಣ ಉಳಿಯುತ್ತದೆ ಎಂದು ಸಾರಿದನಾದರೂ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ರೀತಿಯಲ್ಲಿ ಮೇಲಿನ ಹರಿಗೋಲನ್ನು ಅಳೆದರೆ ಸೊನ್ನೆಯಿಂದ 180 ಹುಟ್ಟಿಬಿಡುತ್ತದೆ. ಈ ತಪ್ಪನ್ನು ತಿದ್ದಿದ ಡಚ್ ವಿದ್ವಾಂಸ ಹೈಗೆನ್ಸ್‌ ತನ್ನ ವಾದಕ್ಕೆ ಆರಿಸಿಕೊಂಡದ್ದು ದೋಣಿಯನ್ನೇ ಎಂಬುದು ಇಲ್ಲಿ ಗಮನಾರ್ಹ: ಕಾಲುವೆಯಲ್ಲಿ ಸಮವೇಗದಿಂದ ಸಾಗುವ ದೋಣಿಯಲ್ಲಿ ಒಬ್ಬನು ಎರಡು ಗುಂಡುಗಳನ್ನು ಡಿಕ್ಕಿ ಹೊಡೆಸುತ್ತಾನೆ, ದಡದ ಮೇಲೆ ನಿಂತ ಇನ್ನೊಬ್ಬನು ಅದನ್ನೇ ನೋಡುತ್ತಾನೆ, ಇಬ್ಬರಿಗೂ ನಿಯಮ ಒಂದೇ. ಹರಿಯುವ ಭೀಮೆಯೊಡನೆ ತೇಲುವ ಹರಿಗೋಲಿನಲ್ಲಿಯೂ ನಿಂತ ನೀರಿನ ಲೆಕ್ಕವೇ ನಡೆಯುವುದು ಈ ಕಾರಣದಿಂದ. ಹೈಗೆನ್ಸ್‌ ಈ ವಾದವುಳ್ಳ ಕೃತಿಯನ್ನು ಸಿದ್ಧಪಡಿಸುತ್ತಿದ್ದ 1656ರ ಸುಮಾರಿನಲ್ಲಿ ಭೀಮಾತೀರ ವಿಜಯಪುರದ ಆದಿಲಶಾಹಿಗಳ ಕೈಯಲ್ಲಿತ್ತು. 1686ರಲ್ಲಿ ಆ ರಾಜ್ಯ ಔರಂಗಜೇಬನಿಗೆ ಶರಣಾಯಿತು, ಮರುವರ್ಷವೇ ನ್ಯೂಟನ್ ತನ್ನ ಮೂರು ನಿಯಮಗಳನ್ನು ಪ್ರಕಟಿಸಿದನು.

1871ರಲ್ಲಿ ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ರಾಯಚೂರಿಗೆ ರೈಲುಮಾರ್ಗ ಪೂರ್ಣಗೊಂಡು, ದೂರದ ಯಾತ್ರಿಕರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಕ್ಷೇತ್ರಕ್ಕೆ ಹೋಗುವಂತಾಯಿತು. ಹೊಳೆಯ ದಾಟುಗಳನ್ನು ಬದಲಿಸಿದ್ದು ಮಾತ್ರ ರೈಲಲ್ಲ, ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆಯಂಥ ರಸ್ತೆಸೇತುವೆಗಳು. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಬ್ಯಾರೇಜು ಕಟ್ಟಿದ ಮೇಲೆ ಅದರ ಹಿಂದೆ ನಿಂತ ನೀರು ಹೆಚ್ಚಿತು, ಕೆಳಗೆ ಹರಿಯುವ ನೀರು ಬಾಗಿಲುಗಳ ಮರ್ಜಿಗೆ ಬಿತ್ತು. ಹರಿಗೋಲು ಮೀನುಗಾರರ ಕೈಯಲ್ಲಿ ಉಳಿದುಕೊಂಡಿದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳನ್ನೂ ಸೇತುವೆಗಳನ್ನೂ ಮುಳುಗಿಸಿದಾಗ ಜನರನ್ನು ಹೊರತರಲು ಮತ್ತೆ ದೋಣಿಗಳೇ ಬೇಕಾದವು, ಈ ಸಲ ಯಂತ್ರ ಕೂಡಿಸಿದವು. ಆ ಯಂತ್ರದೋಣಿಗಳೂ ಹುಟ್ಟಿನಂತೆ ನೀರನ್ನು ಹಿಂದಕ್ಕೆಸೆದು ಮುಂದೆ ಸಾಗುವಂಥವೇ. ಆದರೆ ಗಳಿಗೆ ಗಳಿಗೆಗೂ ಎಸೆಯುವ ನೀರು ಹುಟ್ಟಿಗಿಂತ ಬಹಳ ಹೆಚ್ಚಾದ್ದರಿಂದ ಅವು ಪ್ರವಾಹಕ್ಕೆ ಎದುರಾಗಿ ಹೋಗಬಲ್ಲವು, ಹರಿಗೋಲಿಗೆ ಎಂದೂ ಸಾಧ್ಯವಾಗದಿದ್ದುದು ಅದೊಂದೇ.