ಹೊಸ ಮನೆಗಳಲ್ಲಿ ಗಾಲಿಕುರ್ಚಿಗೆ ಸುಗಮವಾದ ಪ್ರವೇಶದ್ವಾರ: ವಿನ್ಯಾಸ ಹಂತದ ಮಾಹಿತಿ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಗಾಲಿಕುರ್ಚಿಯ ಅಗತ್ಯವಾದರೋ ಯಾವ ಕುಟುಂಬಕ್ಕೂ, ಯಾವ ಕಾಲದಲ್ಲಿಯೂ ಒದಗಬಹುದಾಗಿದೆ. ಪಾರ್ಶ್ವವಾಯು, ರಸ್ತೆ ಅಪಘಾತ, ವೃದ್ಧಾಪ್ಯದಲ್ಲಿ ಸೊಂಟದ ಮೂಳೆಯ ಮುರಿತ ಇವೆಲ್ಲವೂ ಮುನ್ಸೂಚನೆ ಇಲ್ಲದೆ ಬರತಕ್ಕವು. ಅಂತಹ ಸಂದರ್ಭದಲ್ಲಿ ಬಾಗಿಲ ಮುಂದಿನ ಮೂರು ಮೆಟ್ಟಿಲುಗಳನ್ನು ದಾಟಿಸಲು ವ್ಯಕ್ತಿಯನ್ನು ಕುರ್ಚಿಸಮೇತ ಇಬ್ಬರು ಎತ್ತಬೇಕಾಗುತ್ತದೆ. ಎತ್ತುವವರು ಇಲ್ಲದ ದಿನ ಆ ವ್ಯಕ್ತಿ ಮನೆಯೊಳಗೇ ಉಳಿಯುತ್ತಾರೆ.

ಕಾನೂನಿನ ಸ್ಥಿತಿ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ಇದರ 44ನೆಯ ಪ್ರಕರಣದಂತೆ, ಸುಗಮ್ಯತೆಯ ನಿಯಮಗಳಿಗೆ ಅನುಗುಣವಾಗಿಲ್ಲದ ನಕ್ಷೆಯ ಮೇಲೆ ಯಾವುದೇ ಸಂಸ್ಥೆಗೆ ಕಟ್ಟಡ ನಿರ್ಮಾಣದ ಅನುಮತಿ ನೀಡತಕ್ಕದ್ದಲ್ಲ. ಸಂಸ್ಥೆ ಎಂಬಲ್ಲಿ ಖಾಸಗಿ ಕಂಪನಿಗಳೂ ಸೇರುತ್ತವೆ. ಆದರೆ ಒಬ್ಬ ವ್ಯಕ್ತಿ ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ ಮನೆ ಈ ಪ್ರಕರಣದ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಹೊಸ ವಾಸದ ಮನೆಗಳನ್ನೂ 1999ರಲ್ಲಿಯೇ ಕಟ್ಟಡ ನಿಯಮಗಳ ಇಂತಹ ಷರತ್ತಿಗೆ ಒಳಪಡಿಸಲಾಯಿತು. ಇಲ್ಲಿ ಸ್ವಂತ ಮನೆಯ ಮಟ್ಟಿಗೆ ಈ ನಿರ್ಧಾರ ಮಾಲೀಕರದ್ದೇ ಆಗಿದ್ದು, ಅದನ್ನು ನಕ್ಷೆಯ ಹಂತದಲ್ಲಿಯೇ ಕೈಗೊಳ್ಳುವುದು ಅವಶ್ಯಕ.

ನೆಲಗಟ್ಟಿನ ಎತ್ತರ ಮತ್ತು ಇಳಿಜಾರಿನ ಉದ್ದ

ಮಳೆನೀರು ಒಳನುಗ್ಗದಿರಲೆಂದು ಮನೆಯ ನೆಲಗಟ್ಟನ್ನು ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರಿಸುವುದು ರೂಢಿ. ಇಳಿಜಾರು ದಾರಿಯ ಪ್ರಮಾಣ 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಈ ಲೆಕ್ಕದಂತೆ 45 ಸೆಂ.ಮೀ.ಗೆ 5.4 ಮೀಟರ್ ಉದ್ದದ ಇಳಿಜಾರು, ಅದರ ಎರಡೂ ತುದಿಗಳಲ್ಲಿ ಕುರ್ಚಿ ತಿರುಗಲು ತಲಾ 1.5 ಮೀಟರ್ ಸಮತಟ್ಟಾದ ಜಾಗ, ಒಟ್ಟು 8.4 ಮೀಟರ್ ಆಗುತ್ತದೆ. ಸ್ಥಳಾವಕಾಶವಿದ್ದಲ್ಲಿ 1:15ರ ಪ್ರಮಾಣ ಇನ್ನೂ ಲೇಸು. ಕುರ್ಚಿಯನ್ನು ಸ್ವತಃ ನೂಕಿಕೊಳ್ಳುವವರಿಗೆ 1:12 ಕೂಡ ಶ್ರಮದಾಯಕವೇ.

30 x 40 ಅಡಿಯ ನಿವೇಶನದ ಆಳ 12 ಮೀಟರಿಗಿಂತ ಸ್ವಲ್ಪ ಹೆಚ್ಚು. ಮನೆಯ ಮುಂದೆ ಬಿಡುವ ಕಿರಿದಾದ ಜಾಗದಲ್ಲಿ ಈ ಇಳಿಜಾರು ಹಿಡಿಯುವುದಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ಇಳಿಜಾರು ಮಾಡಹೊರಟವರು ಅದನ್ನು ಕಡಿದಾಗಿಸುವುದು ಅಥವಾ ಪಾದಚಾರಿ ಮಾರ್ಗದ ಮೇಲೆ ಚಾಚುವುದು ಈ ಕಾರಣದಿಂದಲೇ. ಮೊದಲನೆಯದು ಅಪಾಯಕಾರಿ, ಎರಡನೆಯದು ಇತರ ವಿಕಲಚೇತನರ ದಾರಿಗೇ ಅಡ್ಡಿ. ಗೇಟಿನ ಮುಂದೆ ಕಾರಿಗಾಗಿ ಹಾಕುವ ಇಳಿಜಾರನ್ನು ಗಾಲಿಕುರ್ಚಿಗೂ ಆಗುತ್ತದೆಂದು ಭಾವಿಸಬಾರದು. ಅದು ಸಾಮಾನ್ಯವಾಗಿ ಬಹಳ ಕಡಿದಾಗಿರುತ್ತದೆ.

ನಕ್ಷೆಯ ಹಂತದಲ್ಲಾದರೆ ಪರಿಹಾರಗಳು ಹಲವು. ಮನೆಯ ಒಂದು ಪಕ್ಕದಲ್ಲಿ 1.2 ಮೀಟರಿಗೆ ಕಡಿಮೆಯಿಲ್ಲದ ಅಗಲ ಬಿಟ್ಟು, ಇಳಿಜಾರನ್ನು ಗೋಡೆಯುದ್ದಕ್ಕೂ ಒಯ್ದು ಮುಂಬಾಗಿಲನ್ನು ಪಕ್ಕದಿಂದ ತಲುಪಿಸಬಹುದು. ಕಾರು ನಿಲ್ಲಿಸುವ ಪೋರ್ಟಿಕೋದ ನೆಲವನ್ನು ಮೊದಲೇ 15 ಸೆಂ.ಮೀ. ಎತ್ತರಿಸಿ, ಅಲ್ಲಿಯವರೆಗಿನ ಏರನ್ನೂ ಇದೇ ಪ್ರಮಾಣದಲ್ಲಿ ಹಂಚಿದರೆ, ಉಳಿದ 30 ಸೆಂ.ಮೀ.ಗೆ 3.6 ಮೀಟರ್ ಸಾಕು. ನಿವೇಶನವೇ ಇಳಿಜಾರಾಗಿದ್ದಲ್ಲಿ, ಮಲೆನಾಡಿನಲ್ಲಿ ಇದು ಸಾಮಾನ್ಯ, ಬಾಗಿಲನ್ನು ನೆಲ ಎತ್ತರವಿರುವ ಕಡೆಗೆ ಇಟ್ಟರೆ ಇಳಿಜಾರಿನ ಅಗತ್ಯವೇ ಬಾರದಿರಬಹುದು. ಆದರೆ ಆ ಕಡೆಯಿಂದ ಹರಿದುಬರುವ ನೀರಿಗೆ ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಬೇಕು. ಜಾಲರಿಯ ಸಂದುಗಳಲ್ಲಿ ಕುರ್ಚಿಯ ಚಿಕ್ಕ ಗಾಲಿ ಸಿಕ್ಕಿಬೀಳದಂತೆ ನೋಡಿಕೊಳ್ಳತಕ್ಕದ್ದು.

ವಾಸ್ತುವಿನ ದೃಷ್ಟಿಯಿಂದ ಮುಂಬಾಗಿಲ ಸ್ಥಾನ ಬದಲಿಸಲಾಗದೆಂದು ಇಳಿಜಾರನ್ನು ಹಿತ್ತಿಲ ಬಾಗಿಲಿಗೆ ಒದಗಿಸುವುದುಂಟು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲಾದರೂ, ಮನೆಯವರೊಬ್ಬರು ಅಥವಾ ಅತಿಥಿಯೊಬ್ಬರು ಪ್ರತಿಸಲವೂ ಅಡುಗೆಮನೆಯ ಮೂಲಕ ಒಳಬರುವುದು ಗೌರವಯುತವಲ್ಲ.

ಬಾಗಿಲು ಮತ್ತು ಹೊಸ್ತಿಲು

ಬಾಗಿಲು ತೆರೆದಾಗ ಅಡೆತಡೆಯಿಲ್ಲದೆ 90 ಸೆಂ.ಮೀ. ಅಗಲ ದೊರೆಯಬೇಕು. ಎರಡು ಸಮಾನ ಹಲಗೆಗಳ ಸಾಂಪ್ರದಾಯಿಕ ಬಾಗಿಲಿನಲ್ಲಿ ಒಂದನ್ನೇ ತೆರೆದರೆ ಇದು ಸಿಗದು. ಒಂದು ಅಗಲದ, ಇನ್ನೊಂದು ಕಿರಿದಾದ ಹಲಗೆ ಮಾಡಿಸುವುದು ಸೂಕ್ತ. ಚಿಲಕವಿರುವ ಕಡೆ, ಬಾಗಿಲಿನ ಪಕ್ಕದಲ್ಲಿ ಸುಮಾರು 45ರಿಂದ 60 ಸೆಂ.ಮೀ. ಗೋಡೆಯ ಜಾಗವಿಲ್ಲದಿದ್ದರೆ ಕುರ್ಚಿಯಲ್ಲಿ ಕುಳಿತವರು ಚಿಲಕವನ್ನು ಎಟುಕಿಸಿಕೊಂಡು ಬಾಗಿಲೆಳೆಯುವುದು ಕಷ್ಟ.

ಹೆಚ್ಚಿನ ಚರ್ಚೆಗೆ ಎಡೆಯಾಗುವುದು ಹೊಸ್ತಿಲು. ಅರಿಸಿನ ಕುಂಕುಮವಿಟ್ಟು ಪೂಜಿಸುವ ಮರದ ಹೊಸ್ತಿಲನ್ನು ತೆಗೆದುಹಾಕುವುದು ಅನೇಕ ಕುಟುಂಬಗಳಿಗೆ ಒಪ್ಪಿತವಲ್ಲ; ಅದರ ಅಗತ್ಯವೂ ಇಲ್ಲ. ಹೊಸ್ತಿಲ ತೊಲೆಯನ್ನು ನೆಲದೊಳಗೆ ಇಳಿಸಿ, ಮೇಲೆ 12 ಮಿ.ಮೀ.ಗಿಂತ ಹೆಚ್ಚು ಕಾಣದಂತೆ ಕೂರಿಸಿ ಅಂಚನ್ನು ಓರೆಯಾಗಿ ಕೆತ್ತಿಸಿದರೆ ಪೂಜೆಯೂ ನಡೆಯುತ್ತದೆ, ಗಾಲಿಯೂ ಉರುಳುತ್ತದೆ.

ಮೇಲ್ಮೈ

ಪಾಲಿಶ್ ಮಾಡಿದ ಗ್ರಾನೈಟ್ ಮಳೆಗಾಲದಲ್ಲಿ ಜಾರುವುದರಿಂದ ಇಳಿಜಾರಿಗೆ ಒರಟು ಮುಖದ ಕಲ್ಲನ್ನೋ ಗೆರೆ ಎಳೆದ ಸಿಮೆಂಟನ್ನೋ ಬಳಸಬೇಕು. ಎರಡೂ ಬದಿಗೆ ಹಿಡಿಕಂಬಿ, ಗಾಲಿ ಜಾರಿ ಹೊರಬೀಳದಂತೆ ಅಂಚುಕಟ್ಟೆ ಇರಲಿ.

ವಸತಿ ಸಮುಚ್ಚಯಗಳು

ತಳಮಹಡಿಯ ವಾಹನ ನಿಲುಗಡೆಯಿಂದ ಎರಡು ಮೂರು ಮೆಟ್ಟಿಲು ಹತ್ತಿದ ನಂತರವೇ ಲಿಫ್ಟಿನ ಬಾಗಿಲು ಬರುವ ಕಟ್ಟಡಗಳಿವೆ. ಮನೆ ಕೊಳ್ಳುವವರು ಈ ಮೆಟ್ಟಿಲುಗಳನ್ನು ಕರಾರಿಗೆ ಸಹಿ ಹಾಕುವ ಮುನ್ನವೇ ನಕ್ಷೆಯಲ್ಲಿ ಪರಿಶೀಲಿಸುವುದು ಒಳಿತು.

ಕೆಲಸದ ಸ್ಥಳದಲ್ಲಿ

ಚೌಕಟ್ಟು ನಿಲ್ಲಿಸುವುದು ಮೊದಲು, ಟೈಲ್ಸ್ ಹಾಸುವುದು ತಿಂಗಳುಗಳ ನಂತರ. ಗಾರೆ ಮತ್ತು ಟೈಲ್ಸ್ ಸೇರಿ ನೆಲ ಎಷ್ಟು ಏರುತ್ತದೆಂದು ಲೆಕ್ಕ ಹಾಕದೆ ಚೌಕಟ್ಟು ನಿಲ್ಲಿಸಿದರೆ ಹೊಸ್ತಿಲು ಮತ್ತು ನೆಲದ ಮಟ್ಟ ಹೊಂದುವುದಿಲ್ಲ. ಆದುದರಿಂದ ಒಳಗಿನ ಹಾಗೂ ಹೊರಗಿನ ಅಂತಿಮ ನೆಲಮಟ್ಟಗಳನ್ನು ನಕ್ಷೆಯಲ್ಲಿ ಬರೆಸಿ, ಚೌಕಟ್ಟು ನಿಲ್ಲಿಸುವ ದಿನ ಎಂಜಿನಿಯರ್ ಮತ್ತು ಮೇಸ್ತ್ರಿಯ ಸಮ್ಮುಖದಲ್ಲಿ ಗೋಡೆಯ ಮೇಲೆ ಗುರುತು ಹಾಕಿಸತಕ್ಕದ್ದು.